ಅಲ್ಪವೆಂಬುದಿಲ್ಲದ ಲೋಕ

ಜೀವದ್ರವ್ಯವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದರ ಅಗಾಧತೆಯನ್ನೇ ಮೊದಲು ಕೊಂಡಾಡುವರು. ಮನುಷ್ಯನ ಒಂದು ಜೀವಕೋಶದ ಕೇಂದ್ರದಲ್ಲಿ ಅಡಗಿರುವ ಡಿಎನ್‌ಎಯನ್ನೆಲ್ಲ ಬಿಡಿಸಿ ನೀಳವಾಗಿ ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆಂದೂ, ತಂದೆಯ ಕಡೆಯಿಂದ ಸುಮಾರು 300 ಕೋಟಿ, ತಾಯಿಯ ಕಡೆಯಿಂದ ಸುಮಾರು 300 ಕೋಟಿ ಪ್ರತ್ಯಾಮ್ಲದ ಜೋಡಿಗಳು ಅದರಲ್ಲಿ ಸಾಲುಗೂಡಿ ನಿಂತಿವೆಯೆಂದೂ ಓದಿದಾಗ ಬೆರಗಾಗದವರು ವಿರಳ. ಆದರೆ ಈ ದ್ರವ್ಯದ ರಚನೆಯನ್ನೂ ಚರಿತ್ರೆಯನ್ನೂ ತುಸು ಸಾವಧಾನದಿಂದ ನೋಡಹೊರಟವನಿಗೆ ಕೋಟಿಗಳ ಲೆಕ್ಕಕ್ಕಿಂತ ಒಂದರ ಲೆಕ್ಕವೇ ಹೆಚ್ಚು ವಿಸ್ಮಯಕರವಾಗಿ ತೋರುತ್ತದೆ. ಒಂದು ಆಮ್ಲಜನಕದ ಪರಮಾಣು ಇರುವುದರಿಂದ ಅಥವಾ ಇಲ್ಲದಿರುವುದರಿಂದ, ಒಂದು ಜಲಜನಕ ತನ್ನ ನೆಲೆಯನ್ನು ತುಸು ಬದಲಿಸುವುದರಿಂದ, ನೂರಾರು ಪ್ರತ್ಯಾಮ್ಲಗಳ ಸಾಲಿನಲ್ಲಿ ಒಂದೇ ಒಂದು ಬೇರೆಯಾಗುವುದರಿಂದ, ಜೀವಿಯ ಅಳಿವು ಉಳಿವುಗಳೇ ನಿರ್ಣಯವಾಗುವ ಲೋಕವಿದು. ಇಲ್ಲಿ ಅಲ್ಪವೆಂದು ಕಡೆಗಣಿಸಬಹುದಾದದ್ದು ಯಾವುದೂ ಇಲ್ಲ. ಹಾಗೆ ಕಡೆಗಣಿಸಿದ ವಿಜ್ಞಾನವು ಬಹುಕಾಲ ದಾರಿತಪ್ಪಿ ಅಲೆದದ್ದೂ ಉಂಟು.

ಈ ದ್ರವ್ಯವು ಮೊದಲು ಮನುಷ್ಯನ ಕೈಗೆ ಸಿಕ್ಕಿದ್ದು 1869ರಲ್ಲಿ, ಜರ್ಮನಿಯ ಟ್ಯೂಬಿಂಗೆನ್ ನಗರದ ಕೋಟೆಯೊಳಗೆ. ಒಂದು ಕಾಲಕ್ಕೆ ಅಲ್ಲಿಯ ಅಡುಗೆಮನೆಯಾಗಿದ್ದ ಕಮಾನುಗಳ ಕೋಣೆಯನ್ನು ಪ್ರಯೋಗಶಾಲೆಯಾಗಿ ಮಾರ್ಪಡಿಸಿಕೊಂಡಿದ್ದರು. ಹೊಪ್ಪೆ-ಝೈಲರ್ ಎಂಬ ಹಿರಿಯ ರಸಾಯನಜ್ಞರ ಬಳಿ ಅಭ್ಯಾಸಕ್ಕೆಂದು ಬಂದಿದ್ದ ಫ್ರೀಡ್ರಿಷ್ ಮೀಷರ್ ಎಂಬ ಸ್ವಿಟ್ಸರ್ಲೆಂಡಿನ ತರುಣರು ಅಲ್ಲಿ ಕುಳಿತು, ಸಮೀಪದ ಶಸ್ತ್ರವೈದ್ಯಶಾಲೆಯಲ್ಲಿ ರೋಗಿಗಳ ಗಾಯಗಳಿಂದ ಬಿಚ್ಚಿ ಎಸೆದ ಬಟ್ಟೆಪಟ್ಟಿಗಳನ್ನು ತರಿಸಿಕೊಂಡು, ಅವುಗಳಿಗಂಟಿದ ಕೀವನ್ನು ಲವಣದ ನೀರಿನಲ್ಲಿ ತೊಳೆಯುತ್ತಿದ್ದರು. ಕೀವೆಂದರೆ ಬಹುಮಟ್ಟಿಗೆ ಬಿಳಿಯ ರಕ್ತಕಣಗಳೇ. ಅವುಗಳಲ್ಲಿ ಕೋಶಕೇಂದ್ರವು ದೊಡ್ಡದು. ಹಂದಿಯ ಜಠರದಿಂದ ತೆಗೆದ ಪಾಚಕರಸವನ್ನು ಸೇರಿಸಿ ಪ್ರೋಟೀನನ್ನೆಲ್ಲ ಕರಗಿಸಿದ ಬಳಿಕವೂ ಕರಗದೆ ಉಳಿದ ಕೇಂದ್ರಗಳಿಂದ ಅವರು ಒಂದು ವಿಲಕ್ಷಣ ವಸ್ತುವನ್ನು ಬೇರ್ಪಡಿಸಿದರು. ಪ್ರೋಟೀನುಗಳಲ್ಲಿ ಸಾಮಾನ್ಯವಾಗಿರುವ ಗಂಧಕವು ಅದರಲ್ಲಿ ಕಾಣಲಿಲ್ಲ; ರಂಜಕವಾದರೋ ವಿಶೇಷವಾಗಿ ತುಂಬಿತ್ತು. ಮೀಷರ್ ಅದನ್ನು ನ್ಯೂಕ್ಲೀನ್ ಎಂದು ಕರೆದರು. ಗುರುಗಳು ಶಿಷ್ಯನ ಮಾತನ್ನು ಒಡನೆಯೇ ನಂಬದೆ, ಪ್ರಯೋಗಗಳನ್ನೆಲ್ಲ ತಾವೇ ಮತ್ತೆ ಮಾಡಿ ನೋಡಿ ಮನವರಿಕೆಯಾದ ತರುವಾಯವೇ, 1871ರಲ್ಲಿ, ಲೇಖನವನ್ನು ಅಚ್ಚಿಗೆ ಕೊಟ್ಟರು.

ಮುಂದೆ ಆಲ್ಬ್ರೆಕ್ಟ್ ಕೊಸ್ಸೆಲ್ ಈ ವಸ್ತುವನ್ನು ಒಡೆದು ಅದರೊಳಗಿನ ಸಾರಜನಕಯುಕ್ತ ಪ್ರತ್ಯಾಮ್ಲಗಳನ್ನು ಗುರುತಿಸಿ, 1910ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು. ಅವರ ತರುವಾಯ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಫೀಬಸ್ ಲೆವೀನ್ ಅದರ ಶರ್ಕರಗಳನ್ನು ಕಂಡುಹಿಡಿದರು: 1909ರಲ್ಲಿ ರೈಬೋಸ್, 1929ರಲ್ಲಿ ಡಿಆಕ್ಸಿರೈಬೋಸ್. ಫಾಸ್ಫೇಟು, ಶರ್ಕರ, ಪ್ರತ್ಯಾಮ್ಲ ಎಂಬ ಮೂರು ಅಂಗಗಳು ಕೂಡಿ ಆಗುವ ಘಟಕವೇ ನ್ಯೂಕ್ಲಿಯೋಟೈಡ್ ಎಂಬುದು ಸ್ಥಿರವಾದದ್ದು ಅವರಿಂದ. ಆದರೆ ಅವರ ಕಾಲದ ತೂಕ ಅಳತೆಗಳು ಸ್ಥೂಲವಾಗಿದ್ದುವು. ಡಿಎನ್‌ಎಯ ನಾಲ್ಕು ಪ್ರತ್ಯಾಮ್ಲಗಳು ಹೆಚ್ಚುಕಡಮೆ ಸಮಪ್ರಮಾಣದಲ್ಲಿರುವಂತೆ ಅವರಿಗೆ ತೋರಿತು. ಅಡೆನಿನ್, ಗ್ವಾನಿನ್, ಸೈಟೊಸಿನ್, ಥೈಮಿನ್ ಎಂಬ ನಾಲ್ಕೂ ಸೇರಿದ ಒಂದೇ ತಂಡವು ಮತ್ತೆ ಮತ್ತೆ ಆವರ್ತಿಸುವುದರಿಂದಲೇ ಈ ವಸ್ತು ಆಗಿದೆಯೆಂಬ ಅಭಿಪ್ರಾಯವು ಇದರಿಂದ ಬೇರೂರಿತು. ಇಂತಹ ಏಕತಾನದ ವಸ್ತುವಿನಲ್ಲಿ ವೈವಿಧ್ಯಕ್ಕೆ ಎಡೆಯೆಲ್ಲಿ? ಆನುವಂಶಿಕ ಗುಣಗಳನ್ನು ಹೊರುವ ಭಾರವು ಇಪ್ಪತ್ತು ಬಗೆಯ ಅಮೈನೊ ಆಮ್ಲಗಳಿಂದಾದ ಪ್ರೋಟೀನಿಗೇ ಸಲ್ಲತಕ್ಕದ್ದೆಂದೂ, ಡಿಎನ್‌ಎ ಎಂಬುದು ಅದಕ್ಕೊಂದು ಆಧಾರದ ಚೌಕಟ್ಟು ಮಾತ್ರವೆಂದೂ ವಿದ್ವಾಂಸರು ತೀರ್ಮಾನಿಸಿ ನಿಶ್ಚಿಂತರಾದರು. ಅಳತೆಯಲ್ಲಿ ಕೈಬಿಟ್ಟುಹೋದ ಅಲ್ಪ ವ್ಯತ್ಯಾಸವು ವಿಜ್ಞಾನವನ್ನು ಒಂದು ತಲೆಮಾರಿನಷ್ಟು ಕಾಲ ತಡೆದು ನಿಲ್ಲಿಸಿತು.

ಈಗ ಆ ನ್ಯೂಕ್ಲಿಯೋಟೈಡನ್ನೇ ಸಮೀಪದಿಂದ ನೋಡೋಣ. ನಡುವೆ ಐದು ಇಂಗಾಲಗಳುಳ್ಳ ಶರ್ಕರ. ರಸಾಯನಜ್ಞರು ಆ ಇಂಗಾಲಗಳಿಗೆ ಒಂದರಿಂದ ಐದರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಒಂದನೆಯದಕ್ಕೆ ಪ್ರತ್ಯಾಮ್ಲವೂ ಐದನೆಯದಕ್ಕೆ ಫಾಸ್ಫೇಟೂ ಅಂಟಿಕೊಂಡಿವೆ. ಆ ಫಾಸ್ಫೇಟು ನೆರೆಯ ನ್ಯೂಕ್ಲಿಯೋಟೈಡಿನ ಮೂರನೆಯ ಇಂಗಾಲವನ್ನು ಹಿಡಿದುಕೊಳ್ಳುವುದರಿಂದ ಸರಪಳಿ ಬೆಳೆಯುತ್ತದೆ. ಎಲ್ಲ ಸ್ವಾರಸ್ಯವೂ ಉಳಿದಿರುವುದು ಎರಡನೆಯ ಇಂಗಾಲದಲ್ಲಿ. ಡಿಎನ್‌ಎಯ ಸೋದರದ್ರವ್ಯವಾದ ಆರ್‌ಎನ್‌ಎಯ ರೈಬೋಸಿನಲ್ಲಿ ಅಲ್ಲಿ ಒಂದು ಆಮ್ಲಜನಕವೂ ಅದಕ್ಕೆ ಕೂಡಿದ ಜಲಜನಕವೂ ಇವೆ. ಡಿಎನ್‌ಎಯ ಶರ್ಕರದಲ್ಲಿ ಆ ಆಮ್ಲಜನಕವಿಲ್ಲ, ಬರಿಯ ಜಲಜನಕವಿದೆ. ಎರಡು ಶರ್ಕರಗಳಿಗೂ ಇರುವ ಭೇದ ಇಷ್ಟೇ. ಆದರೆ ಆರ್‌ಎನ್‌ಎಯ ಈ ಹೆಚ್ಚಿನ ಆಮ್ಲಜನಕವು ತನ್ನ ಪಕ್ಕದಲ್ಲಿಯೇ ಇರುವ ಫಾಸ್ಫೇಟಿನ ಕೊಂಡಿಯ ಮೇಲೆ ಎರಗಬಲ್ಲುದು. ಕ್ಷಾರದ್ರಾವಣದಲ್ಲಿಟ್ಟರೆ ಜಲಜನಕವನ್ನು ಕಳೆದುಕೊಂಡು, ರಂಜಕವನ್ನು ತಾನೇ ಹಿಡಿದು, ಸರಪಳಿಯನ್ನು ಕಡಿದುಹಾಕುತ್ತದೆ. ಡಿಎನ್‌ಎಗೆ ಈ ಮನೆಯೊಳಗಿನ ಹಗೆ ಇಲ್ಲ. ಅದರಿಂದಲೇ, ಕೆಲಕಾಲ ಮಾತ್ರ ಬೇಕಾದ ಆದೇಶಗಳನ್ನು ಜೀವಕೋಶವು ಆರ್‌ಎನ್‌ಎಯಲ್ಲಿ ಹೊರಡಿಸುತ್ತದೆ. ತಲೆಮಾರುಗಳಿಗೆ ಉಳಿಯಬೇಕಾದುದನ್ನು ಡಿಎನ್‌ಎಯಲ್ಲಿ ಇಡುತ್ತದೆ. ಸೈಬೀರಿಯದ ಹಿಮದಲ್ಲಿ ಹೂತಿದ್ದ ಮ್ಯಾಮತ್ ಎಂಬ ಪುರಾತನ ಆನೆಯ ಹಲ್ಲುಗಳಿಂದ ಹತ್ತು ಲಕ್ಷ ವರ್ಷಗಳಿಗೂ ಹಿಂದಿನ ಡಿಎನ್‌ಎಯನ್ನು ಓದಿದ ಸಂಗತಿ 2021ರಲ್ಲಿ ಪ್ರಕಟವಾಯಿತು. ಆ ದೀರ್ಘಾಯುಷ್ಯಕ್ಕೆ ಹಿಮದ ಶೈತ್ಯವೆಷ್ಟು ಕಾರಣವೋ, ಎರಡನೆಯ ಇಂಗಾಲದಲ್ಲಿ ಇಲ್ಲದ ಆ ಆಮ್ಲಜನಕವೂ ಅಷ್ಟೇ ಕಾರಣ.

ಇನ್ನೊಂದು ಭೇದವೂ ಇದೆ. ಆರ್‌ಎನ್‌ಎಯಲ್ಲಿ ಯುರಾಸಿಲ್ ಇರುವೆಡೆಯಲ್ಲಿ ಡಿಎನ್‌ಎಯಲ್ಲಿ ಥೈಮಿನ್ ಇದೆ. ಥೈಮಿನ್ ಎಂದರೆ ಮೀಥೈಲ್ ಗುಂಪು, ಅಂದರೆ ಒಂದು ಇಂಗಾಲ ಮೂರು ಜಲಜನಕಗಳ ಗುಂಪು, ಹೆಚ್ಚಾಗಿ ತಗಲಿಕೊಂಡ ಯುರಾಸಿಲೇ. ಜೋಡಿಯಾಗುವ ವಿಷಯದಲ್ಲಿ ಇವೆರಡರ ನಡೆಯೂ ಒಂದೇ ಆಗಿರಲು, ಈ ಅಲಂಕಾರವಾದರೂ ಏತಕ್ಕೆಂದು ಕೇಳಬಹುದು. ಸೈಟೊಸಿನ್ ಎಂಬ ಪ್ರತ್ಯಾಮ್ಲಕ್ಕೆ ಒಂದು ದೌರ್ಬಲ್ಯವುಂಟು: ನೀರಿನ ಸಂಗದಲ್ಲಿ ಅದು ಆಗಾಗ ತನ್ನ ಅಮೈನೊ ಗುಂಪನ್ನು ಕಳೆದುಕೊಂಡು ತಾನಾಗಿಯೇ ಯುರಾಸಿಲ್ ಆಗಿಬಿಡುತ್ತದೆ. ಮನುಷ್ಯನ ಒಂದು ಜೀವಕೋಶದಲ್ಲಿ ದಿನವೊಂದಕ್ಕೆ ನೂರರಷ್ಟು ಇಂತಹ ಕ್ಷಯಗಳು ಸಂಭವಿಸುವುವೆಂದು ಅಂದಾಜು. ಡಿಎನ್‌ಎಯಲ್ಲಿ ಯುರಾಸಿಲ್ಲಿಗೆ ಸಹಜವಾದ ಸ್ಥಾನವೇ ಇದ್ದಿದ್ದರೆ, ಯಾವುದು ಮೊದಲಿನಿಂದ ಇದ್ದುದು, ಯಾವುದು ಕೆಟ್ಟು ಆದದ್ದು ಎಂದು ತಿಳಿಯುವ ಬಗೆ ಹೇಗೆ? ಥೈಮಿನ್ನಿನ ಮೇಲಿನ ಮೀಥೈಲ್ ಗುಂಪು ಈ ವಿವೇಚನೆಯನ್ನು ಸುಲಭಗೊಳಿಸಿದೆ. ಆ ಗುರುತಿಲ್ಲದ ಯುರಾಸಿಲ್ ಎಲ್ಲಿ ಕಂಡರೂ ಅದು ಪರಕೀಯವೆಂದು ಕಿತ್ತುಹಾಕುವ ಒಂದು ಕಿಣ್ವವನ್ನು ಸ್ವೀಡನ್ನಿನ ಥಾಮಸ್ ಲಿಂಡಾಲ್ 1974ರಲ್ಲಿ ಗುರುತಿಸಿದರು. ಡಿಎನ್‌ಎಯ ದುರಸ್ತಿಯನ್ನು ಕುರಿತ ಸಂಶೋಧನೆಗಾಗಿ 2015ರ ನೊಬೆಲ್ ಪುರಸ್ಕಾರದಲ್ಲಿ ಅವರಿಗೂ ಪಾಲು ದೊರೆಯಿತು.

ಲೆವೀನರ ಏಕತಾನವಾದವು ಮುರಿದುಬಿದ್ದ ಬಗೆಯನ್ನು ಈಗ ಹೇಳಬೇಕು. ಅವರಿದ್ದ ರಾಕ್‌ಫೆಲರ್ ಸಂಸ್ಥೆಯಲ್ಲಿಯೇ, 1944ರಲ್ಲಿ, ಆಸ್ವಾಲ್ಡ್ ಏವರಿ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು, ನ್ಯುಮೋನಿಯಾ ತರುವ ಬ್ಯಾಕ್ಟೀರಿಯದ ನಿರುಪದ್ರವಿ ತಳಿಯನ್ನು ರೋಗಕಾರಕ ತಳಿಯನ್ನಾಗಿ ಶಾಶ್ವತವಾಗಿ ಪರಿವರ್ತಿಸುವ ವಸ್ತುವು ಪ್ರೋಟೀನಲ್ಲವೆಂದೂ ಡಿಎನ್‌ಎಯೆಂದೂ ತೋರಿಸಿದರು. ಅನೇಕರು ಸಂಶಯಪಟ್ಟರು. ಕೊಲಂಬಿಯ ವಿಶ್ವವಿದ್ಯಾನಿಲಯದ ಎರ್ವಿನ್ ಚಾರ್ಗಾಫ್ ಮಾತ್ರ ಆ ಲೇಖನವನ್ನು ಓದಿದವರೇ ತಮ್ಮ ಪ್ರಯೋಗಶಾಲೆಯ ಕೆಲಸವನ್ನೆಲ್ಲ ಅತ್ತ ತಿರುಗಿಸಿದರು. ಜೀವಿಯಿಂದ ಜೀವಿಗೆ ಡಿಎನ್‌ಎ ಬೇರೆಯಾಗಿದ್ದರೆ ಆ ಭೇದವು ತೂಕದಲ್ಲಿ ಕಾಣಲೇಬೇಕಲ್ಲವೆ ಎಂಬುದು ಅವರ ತರ್ಕ. ಹೀರುಕಾಗದದ ಮೇಲೆ ದ್ರಾವಣವನ್ನು ಹರಿಯಬಿಟ್ಟು ಪ್ರತ್ಯಾಮ್ಲಗಳನ್ನು ಒಂದೊಂದಾಗಿ ಪ್ರತ್ಯೇಕಿಸಿ, ಅತಿನೇರಳೆ ಬೆಳಕಿನಿಂದ ಅವುಗಳ ಪ್ರಮಾಣವನ್ನು ನಿಷ್ಕರ್ಷಿಸುವ ಹೊಸ ಕ್ರಮವನ್ನು ಅವರು ಬಳಸಿದರು. ನಾಲ್ಕು ಪ್ರತ್ಯಾಮ್ಲಗಳು ಸಮಪ್ರಮಾಣದಲ್ಲಿಲ್ಲವೆಂದೂ, ಅವುಗಳ ಪ್ರಮಾಣವು ಜೀವಿಯಿಂದ ಜೀವಿಗೆ ಬೇರೆಯಾಗುತ್ತದೆಂದೂ ಸಿದ್ಧವಾಯಿತು. ಅಷ್ಟೇ ಅಲ್ಲ, ಪ್ರಮಾಣವು ಎಷ್ಟೇ ಬದಲಾದರೂ ಅಡೆನಿನ್ ಇದ್ದಷ್ಟೇ ಥೈಮಿನ್, ಗ್ವಾನಿನ್ ಇದ್ದಷ್ಟೇ ಸೈಟೊಸಿನ್ ಇರುತ್ತದೆಂಬ ವಿಚಿತ್ರ ನಿಯಮವೂ ಹೊರಬಿದ್ದಿತು. ಮನುಷ್ಯನಲ್ಲಿ ಮೊದಲಿನ ಎರಡು ನೂರಕ್ಕೆ 30ರಂತೆ, ಉಳಿದೆರಡು ನೂರಕ್ಕೆ 20ರಂತೆ ಸುಮಾರಾಗಿ ಇವೆ. ಈ ಸಮಾನತೆಯ ಅರ್ಥವೇನೆಂಬುದನ್ನು ಚಾರ್ಗಾಫರು ನಿರ್ಣಯಿಸಲಿಲ್ಲ. ಆ ಭಾಗ್ಯ ಬೇರೆಯವರಿಗೆ ಒದಗಿತು.

ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಡಿಎನ್‌ಎಯ ನೂಲುಗಳ ಮೇಲೆ ಎಕ್ಸ್‌ರೇ ಕಿರಣಗಳನ್ನು ಹಾಯಿಸಿ ಅದರ ಚಿತ್ರಗಳನ್ನು ತೆಗೆಯುತ್ತಿದ್ದರು. ಗಾಳಿಯ ತೇವಾಂಶವನ್ನು ಏರಿಸಿದರೆ ಆ ನೂಲು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಹೊರಳುವುದನ್ನು ಅವರು ಕಂಡುಕೊಂಡರು. ನೀರು ಇಷ್ಟು ಸಲೀಸಾಗಿ ಒಳಹೊಕ್ಕು ಹೊರಬರಬೇಕಾದರೆ ನೀರಿಗೊಲಿದ ಫಾಸ್ಫೇಟುಗಳು ಅಣುವಿನ ಹೊರಮೈಯಲ್ಲಿಯೇ ಇರಬೇಕೆಂದು ತರ್ಕಿಸಿದರು. 1952ರ ಮೇ ತಿಂಗಳಿನಲ್ಲಿ ಅವರೂ ಅವರ ವಿದ್ಯಾರ್ಥಿ ಗಾಸ್ಲಿಂಗರೂ ತೆಗೆದ ಚಿತ್ರವೊಂದನ್ನು, ಫ್ರಾಂಕ್ಲಿನ್ನರ ಅರಿವಿಗೆ ಬಾರದೆಯೇ, ಜೇಮ್ಸ್ ವಾಟ್ಸನ್ನರಿಗೆ ತೋರಿಸಲಾಯಿತೆಂಬುದು ಈಗ ಜಗಜ್ಜಾಹೀರಾದ ಸಂಗತಿ. ಕೇಂಬ್ರಿಜಿನಲ್ಲಿ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಮಾದರಿಗಳನ್ನು ಕಟ್ಟುತ್ತ, ಕೆಡವುತ್ತ ಇದ್ದರು. ಅವರ ಕೊಠಡಿಯಲ್ಲಿಯೇ ಕುಳಿತು ಕೆಲಸಮಾಡುತ್ತಿದ್ದ ಜೆರ್ರಿ ಡೊನೊಹ್ಯೂ ಎಂಬ ಅಮೆರಿಕದ ರಸಾಯನಜ್ಞರು, ಪಠ್ಯಪುಸ್ತಕಗಳಲ್ಲಿ ಬರೆದಿರುವ ಪ್ರತ್ಯಾಮ್ಲದ ಚಿತ್ರಗಳಲ್ಲಿ ಜಲಜನಕವು ಇರಬೇಕಾದ ಪರಮಾಣುವಿನ ಮೇಲೆ ಇಲ್ಲವೆಂದು ಎಚ್ಚರಿಸಿದರು. ಆಮ್ಲಜನಕದ ಮೇಲೆ ಬರೆದಿದ್ದ ಆ ಜಲಜನಕವನ್ನು ಸಾರಜನಕದ ಮೇಲೆ ಇಟ್ಟು ವಾಟ್ಸನ್ ರಟ್ಟಿನ ತುಂಡುಗಳನ್ನು ಹೊಸದಾಗಿ ಕತ್ತರಿಸಿಕೊಂಡರು; 1953ರ ಫೆಬ್ರವರಿ 28ರ ಬೆಳಗ್ಗೆ ಅವುಗಳನ್ನು ಮೇಜಿನ ಮೇಲೆ ಹೊಂದಿಸಿ ನೋಡುವಾಗ ಅಡೆನಿನ್ ಥೈಮಿನ್ನಿನೊಡನೆ, ಗ್ವಾನಿನ್ ಸೈಟೊಸಿನ್ನಿನೊಡನೆ ತಾವಾಗಿ ಕೂಡಿಕೊಂಡವು; ಎರಡು ಜೋಡಿಗಳ ಆಕಾರವೂ ಒಂದೇ ಆಯಿತು. ಚಾರ್ಗಾಫರ ಸಮಾನತೆಯ ಅರ್ಥವು ಅಂದು ಬಿಡಿಸಿಕೊಂಡಿತು. ವಾಟ್ಸನ್ ಮತ್ತು ಕ್ರಿಕ್ಕರ ಲೇಖನವು ಆ ವರ್ಷದ ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1962ರಲ್ಲಿ ನೊಬೆಲ್ ಪುರಸ್ಕಾರವು ವಾಟ್ಸನ್, ಕ್ರಿಕ್ ಮತ್ತು ಕಿಂಗ್ಸ್ ಕಾಲೇಜಿನ ಮಾರಿಸ್ ವಿಲ್ಕಿನ್ಸ್ ಎಂಬ ಮೂವರಿಗೆ ಸಂದಾಗ ಫ್ರಾಂಕ್ಲಿನ್ ಬದುಕಿರಲಿಲ್ಲ. 1958ರಲ್ಲಿ, 37ರ ಹರೆಯದಲ್ಲಿ, ಅವರು ತೀರಿಕೊಂಡಿದ್ದರು.

ಈ ಜೋಡಣೆಯಲ್ಲಿ ಬಲ ಮತ್ತು ದೌರ್ಬಲ್ಯಗಳ ಹಂಚಿಕೆಯನ್ನು ಗಮನಿಸಬೇಕು. ಸರಪಳಿಯ ಉದ್ದಕ್ಕೂ ಶರ್ಕರ ಫಾಸ್ಫೇಟುಗಳನ್ನು ಬಿಗಿದಿರುವ ಬಂಧಗಳು ದೃಢವಾದವು; ಎರಡು ಸರಪಳಿಗಳ ನಡುವೆ ಪ್ರತ್ಯಾಮ್ಲಗಳನ್ನು ಕೂಡಿಸುವ ಜಲಜನಕದ ಬಂಧಗಳೋ ದುರ್ಬಲ, ಅಡೆನಿನ್ ಥೈಮಿನ್ನುಗಳಿಗೆ ಎರಡು, ಗ್ವಾನಿನ್ ಸೈಟೊಸಿನ್ನುಗಳಿಗೆ ಮೂರು. ತೆಂಗಿನ ನಾರಿನ ಎಳೆಯೊಂದು ಮಗುವಿನ ಕೈಗೂ ಹರಿಯುವಂತಹದಾದರೂ, ಹೊಸೆದು ಹಗ್ಗವಾದಾಗ ಎತ್ತಿನ ಬಲಕ್ಕೂ ತಡೆಯುವಂತೆ, ಕೋಟಿಗಟ್ಟಲೆ ಸೇರಿದಾಗ ಈ ದುರ್ಬಲ ಬಂಧಗಳೂ ಪ್ರತ್ಯಾಮ್ಲಗಳು ಒಂದರ ಮೇಲೊಂದು ಒತ್ತಾಗಿ ಕುಳಿತ ಬಲವೂ ಕೂಡಿ ಸುರುಳಿಯನ್ನು ಭದ್ರವಾಗಿ ಹಿಡಿದಿಡುತ್ತವೆ. ಆದರೂ ಕಿಣ್ವವೊಂದು ಬಂದು ಎಳೆಎಳೆಯಾಗಿ ಬಿಡಿಸಿದರೆ, ಉದ್ದದ ಸರಪಳಿಗೆ ಊನವಾಗದಂತೆ, ಎರಡೂ ಬೇರೆಯಾಗುತ್ತವೆ. ಪ್ರತಿಯೊಂದರ ಮೇಲೂ ತಕ್ಕ ಜೊತೆಯ ಸರಪಳಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹೀಗೆಯೇ ನಡೆಯುತ್ತದೆಂಬುದನ್ನು 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಸಾಬೀತುಪಡಿಸಿದ್ದು, ಸಾಮಾನ್ಯ ಸಾರಜನಕಕ್ಕಿಂತ ಒಂದು ನ್ಯೂಟ್ರಾನು ಮಾತ್ರ ಹೆಚ್ಚಾಗಿರುವ ಭಾರದ ಸಾರಜನಕವನ್ನು ಬ್ಯಾಕ್ಟೀರಿಯಗಳಿಗೆ ಉಣಿಸಿ, ಅವುಗಳ ಸಂತತಿಯ ಡಿಎನ್‌ಎಯನ್ನು ತೂಗಿ ನೋಡಿ.

ಎಕ್ಸ್‌ರೇಯ ನೂಲುಚಿತ್ರಗಳು ಸುರುಳಿಯ ಒಟ್ಟು ಆಕಾರವನ್ನು ಸೂಚಿಸಿದುವೇ ಹೊರತು ಒಂದೊಂದು ಪರಮಾಣುವಿನ ನೆಲೆಯನ್ನು ತೋರಿಸಲಿಲ್ಲ. ಆ ಕೆಲಸದಲ್ಲಿ ಬೆಂಗಳೂರಿನ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎ. ವಿಶ್ವಾಮಿತ್ರ ಅವರು ಕೇಂಬ್ರಿಜಿನ ಓಲ್ಗಾ ಕೆನಾರ್ಡ್ ಮೊದಲಾದವರೊಡನೆ ಕೂಡಿ, ಅಡೆನಿನ್ ಥೈಮಿನ್ನುಗಳು ಒಂದಾದಮೇಲೊಂದರಂತೆ ನಿಂತ, ನಾಲ್ಕೇ ನ್ಯೂಕ್ಲಿಯೋಟೈಡುಗಳ ಡಿಎನ್‌ಎ ತುಣುಕಿನ ಸ್ಫಟಿಕವನ್ನು ಪರೀಕ್ಷಿಸಿ, ಅದರ ಜೋಡಿಸುರುಳಿಯ ಪರಮಾಣುಗಳ ನೆಲೆಯನ್ನು 1978ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ರಟ್ಟಿನ ತುಂಡುಗಳಲ್ಲಿ ಊಹಿಸಿದ ಜೋಡಿ ಸ್ಫಟಿಕದಲ್ಲಿ ಪ್ರತ್ಯಕ್ಷವಾಗಿತ್ತು.

ಪ್ರತ್ಯಾಮ್ಲಗಳ ಕ್ರಮವು ಪ್ರೋಟೀನಿನ ಕ್ರಮವಾಗಿ ಮಾರ್ಪಡುವುದು ಹೇಗೆಂಬುದನ್ನು ತಿಳಿದವರಲ್ಲಿ ಪ್ರಮುಖರಾದವರು, ಈಗ ಪಾಕಿಸ್ತಾನದಲ್ಲಿರುವ ಮುಲ್ತಾನ್ ಪ್ರಾಂತದ ರಾಯಪುರವೆಂಬ ಹಳ್ಳಿಯಲ್ಲಿ ಹುಟ್ಟಿ, ಲಾಹೋರಿನಲ್ಲಿ ಓದಿ, ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಹರಗೋಬಿಂದ ಖುರಾನಾ ಅವರು. ಯುರಾಸಿಲ್, ಸೈಟೊಸಿನ್, ಯುರಾಸಿಲ್, ಸೈಟೊಸಿನ್ ಎಂದು ಎರಡೇ ಪ್ರತ್ಯಾಮ್ಲಗಳು ಸರದಿಯಂತೆ ಬರುವ ಆರ್‌ಎನ್‌ಎಯನ್ನು ಅವರು ಕೈಯಾರೆ ಸಂಯೋಜಿಸಿ ಓದಿಸಿದಾಗ, ಸೆರಿನ್ ಮತ್ತು ಲ್ಯೂಸಿನ್ ಎಂಬ ಅಮೈನೊ ಆಮ್ಲಗಳು ಅದೇ ಸರದಿಯಲ್ಲಿ ಬರುವ ಸರಪಳಿಯಾಯಿತು. ಎರಡೆರಡಾಗಿ ಓದಿದ್ದರೆ ಒಂದೇ ಆಮ್ಲ ಬರಬೇಕಾಗಿತ್ತು. ಮೂರು ಮೂರಾಗಿ ಓದಿದರೆ ಎರಡು ಬಗೆಯ ತ್ರಿಕಗಳು ಸರದಿಯಾಗಿ ಒದಗುತ್ತವೆ. ಸಂಕೇತವು ಮೂರರದೆಂಬುದಕ್ಕೆ ಇದು ಸರಳವೂ ಬಲವಾದುದೂ ಆದ ಬೆಂಬಲ. 1968ರ ನೊಬೆಲ್ ಪುರಸ್ಕಾರವನ್ನು ಅವರು ನಿರೆನ್‌ಬರ್ಗ್ ಮತ್ತು ಹಾಲಿಯವರೊಡನೆ ಹಂಚಿಕೊಂಡರು.

ಕ್ರಮದಲ್ಲಿ ಒಂದೇ ಒಂದು ಪ್ರತ್ಯಾಮ್ಲ ಬದಲಾದರೆ ಏನಾಗುವುದೆಂಬುದಕ್ಕೆ ಕುಡಗೋಲು ಕಣದ ರಕ್ತಹೀನತೆ, ನಮ್ಮ ಆಸ್ಪತ್ರೆಗಳಲ್ಲಿ ಹೇಳುವ ಸಿಕಲ್ ಸೆಲ್ ರೋಗ, ಶಾಸ್ತ್ರಪ್ರಸಿದ್ಧವಾದ ನಿದರ್ಶನ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೊ ಆಮ್ಲಗಳಿವೆ. ಅದರ ಜೀನಿನ ಒಂದು ತ್ರಿಕದ ನಡುವೆ ಅಡೆನಿನ್ ಹೋಗಿ ಥೈಮಿನ್ ಬಂದರೆ, ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲಿನ್ ನಿಲ್ಲುತ್ತದೆ. ನೀರಿಗೊಲಿಯದ ಈ ವ್ಯಾಲಿನ್ನಿನ ದೆಸೆಯಿಂದ, ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದುದ್ದವಾದ ಕಡ್ಡಿಗಳಾಗಿ, ದುಂಡಗಿನ ರಕ್ತಕಣವನ್ನು ಕುಡಗೋಲಿನಾಕಾರಕ್ಕೆ ಬಾಗಿಸುತ್ತವೆ. ಸಣ್ಣ ನಾಳಗಳಲ್ಲಿ ಅವು ಸಿಕ್ಕಿಕೊಂಡಾಗ ಬರುವ ನೋವು ಅಸಹನೀಯವಾದುದು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಬದಲಾವಣೆಯನ್ನು ಪಡೆದವರಿಗೆ ಮಲೇರಿಯದ ಉಗ್ರತೆಯಿಂದ ರಕ್ಷಣೆ ದೊರೆಯುವುದರಿಂದ, ಮಲೇರಿಯ ಹಬ್ಬಿದ ನಾಡುಗಳಲ್ಲಿ ಅದು ಅಳಿಯದೆ ಉಳಿಯಿತು. ಭಾರತದಲ್ಲಿ ಇದು ಮೊದಲು ವರದಿಯಾದುದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಆ ಬೆಟ್ಟಸಾಲಿಗೆ ನೆರೆಯಾದ ಚಾಮರಾಜನಗರ, ಮೈಸೂರು, ಕೊಡಗುಗಳ ಗಿರಿಜನರಲ್ಲಿಯೂ ಇದು ಕಾಣಬರುತ್ತದೆ.

ಅಲ್ಪವಾದ ಬದಲಾವಣೆ ಕೇಡನ್ನು ತರಬಲ್ಲಂತೆ ಒಳಿತನ್ನೂ ತರಬಲ್ಲುದು. ಹೊರಗಿನಿಂದ ಹಾಕಿದ ಆರ್‌ಎನ್‌ಎಯನ್ನು ದೇಹವು ಶತ್ರುವೆಂದೆಣಿಸಿ ಕೆರಳುವುದು ಬಹುಕಾಲದ ತೊಡಕಾಗಿತ್ತು. ಯುರಾಸಿಲ್ಲನ್ನು ಶರ್ಕರಕ್ಕೆ ತನ್ನ ಸಾರಜನಕದ ಮೂಲಕವಲ್ಲದೆ ಒಂದು ಇಂಗಾಲದ ಮೂಲಕ ಅಂಟಿಸಿದರೆ ಆ ಕೆರಳಿಕೆ ಅಡಗುವುದೆಂದು ಕ್ಯಾಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ತೋರಿಸಿದರು. ಕೋವಿಡ್ಡಿನ ಆರ್‌ಎನ್‌ಎ ಲಸಿಕೆಗಳು ಈ ತಳಹದಿಯ ಮೇಲೆ ನಿಂತವು, 2023ರ ನೊಬೆಲ್ ಇಬ್ಬರಿಗೂ ಸಂದಿತು. ಇನ್ನು, ಸೈಟೊಸಿನ್ ಯುರಾಸಿಲ್ಲಾಗುವ ಮೇಲೆ ಹೇಳಿದ ಕ್ಷಯವನ್ನೇ, ಬೇಕಾದೆಡೆಯಲ್ಲಿ ಮಾತ್ರ ಬೇಕೆಂದೇ ಆಗಿಸುವ ಒಂದು ಉಪಾಯವನ್ನು 2016ರಲ್ಲಿ ಹಾರ್ವರ್ಡಿನ ಡೇವಿಡ್ ಲಿಯು ಅವರ ತಂಡವು ರೂಪಿಸಿತು. ಅದರ ವಂಶದ್ದೇ ಆದ ಉಪಕರಣದಿಂದ, 2025ರಲ್ಲಿ ಫಿಲಡೆಲ್ಫಿಯದ ವೈದ್ಯರು, ಯಕೃತ್ತಿನ ದೋಷದಿಂದ ರಕ್ತದಲ್ಲಿ ಅಮೋನಿಯ ಸೇರುತ್ತಿದ್ದ ಶಿಶುವೊಂದರ ಜೀನಿನ ಒಂದು ಪ್ರತ್ಯಾಮ್ಲವನ್ನು ತಿದ್ದಿದರು.

ಕುಡಗೋಲು ಕಣದ ರೋಗಕ್ಕೂ ಜೀನನ್ನು ತಿದ್ದುವ ಚಿಕಿತ್ಸೆಯೊಂದಕ್ಕೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಒಪ್ಪಿಗೆ ದೊರೆತಿದೆ. ಅಮೆರಿಕದಲ್ಲಿ ಅದಕ್ಕೆ ಗೊತ್ತುಮಾಡಿದ ಬೆಲೆ 22 ಲಕ್ಷ ಡಾಲರು. ಚಾಮರಾಜನಗರದ ಬಿಳಿಗಿರಿಯ ಗಿರಿಜನ ಹಾಡಿಯೊಂದರ ಮಗುವಿಗೆ ಅದು ಸದ್ಯಕ್ಕೆ ನಿಲುಕುವ ಮಾತಲ್ಲ. ನಿಲುಕುವಂತಹವು ಬೇರೆ ಇವೆ: ಹುಟ್ಟಿದ ಮಗುವಿನ ಒಂದು ತೊಟ್ಟು ರಕ್ತದ ಪರೀಕ್ಷೆ, ದಿನವೂ ನುಂಗಿದರೆ ನೋವಿನ ಬಾಧೆಯನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯ ಎಂಬ ಹಳೆಯ ಔಷಧ, ಮದುವೆಗೆ ಮುನ್ನ ಎರಡು ಮನೆಯವರಿಗೂ ತಿಳಿಯಹೇಳುವ ಆರೋಗ್ಯ ಕಾರ್ಯಕರ್ತೆ. ಈ ರೋಗದ ನಿರ್ಮೂಲನಕ್ಕೆಂದು 2047ರ ಗಡುವಿಟ್ಟುಕೊಂಡು ಕೇಂದ್ರ ಸರ್ಕಾರವು 2023ರ ಜುಲೈಯಲ್ಲಿ ರಾಷ್ಟ್ರೀಯ ಅಭಿಯಾನವೊಂದನ್ನು ಆರಂಭಿಸಿದೆ. 300 ಕೋಟಿಗಳ ನಡುವೆ ಕೆಟ್ಟ ಒಂದನ್ನು ಹುಡುಕಿ ತೆಗೆಯುವ ಕೌಶಲವನ್ನು ಗಳಿಸುವುದಕ್ಕೆ ರಸಾಯನಜ್ಞರಿಗೆ ನೂರೈವತ್ತು ವರ್ಷಗಳ ತಾಳ್ಮೆ ಬೇಕಾಯಿತು. ಆ ಒಂದನ್ನು ಹೊತ್ತ ಮನೆಯನ್ನು ಹುಡುಕಿ, ಮಾತ್ರೆಯನ್ನು ತಿಂಗಳು ತಿಂಗಳೂ ತಪ್ಪದೆ ತಲುಪಿಸುವುದಕ್ಕೆ ಹೊಸ ರಸಾಯನವೇನೂ ಬೇಕಿಲ್ಲ, ಒಂದು ಮನೆಯೂ ಅಲ್ಪವಲ್ಲವೆಂದು ತಿಳಿದ ಆಡಳಿತವಿದ್ದರೆ ಸಾಕು.